ಹಾರನ್ ಇಲ್ಲದ ಕಾರು

ಹೋದ ತಿಂಗಳು ತೀರ್ಥಹಳ್ಳಿಗೆ ಹೋದಾಗ ಅಪ್ಪನ ಕಾರಲ್ಲಿ ಕೂತ ಕೂಡ್ಲೇ ಕಣ್ಣಿಗೆ ಬಿದ್ದಿದ್ದು ಏರ್‌ಬ್ಯಾಗ್ ದೀಪ. "ಎಷ್ಟು ದಿನದಿಂದ ಉರೀತಿದೆ ಅಪ್ಪಾ?" ಅಂದೆ. "ಸ್ಟೇರಿಂಗ್ ರಿಪೇರಿ ಮಾಡ್ಸಿದ ಮೇಲೆ. ಉರೀಲಿ ಬಿಡು. ಹಾರನ್ ಒಂದು ಕೂಗಲ್ಲ ಅಷ್ಟೆ" ಅಂದ. ಅಷ್ಟೆ! ಅದೇ ಕಾರಲ್ಲಿ ಅಮ್ಮನ್ನ ಚೆಕಪ್ಪಿಗೆ ಅಂತ ಎರಡು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿಬಂದಿದಾನೆ. ತಿರುವಲ್ಲಿ ಏನು ಮಾಡ್ದೆ ಅಂದ್ರೆ, "ಲೈಟ್ ಹಾಕ್ದೆ" ಅಂತ ಉತ್ತರ.

ಹಾರನ್ನು, ಏರ್‌ಬ್ಯಾಗು ಎರಡೂ ಒಟ್ಟಿಗೆ ಕೈಕೊಟ್ಟಿದ್ದೇ ಸುಳಿವು. ಸ್ಟೇರಿಂಗ್ ತಿರುಗತ್ತೆ, ಅದರ ಕೆಳಗಿನ ಕಂಬ ತಿರುಗಲ್ಲ. ಹಾಗಾದ್ರೆ ವೈರು ತಿರುಚಿಕೊಳ್ಳದೆ ಹೇಗಿರತ್ತೆ? ನಡುವೆ ಕ್ಲಾಕ್‌ಸ್ಪ್ರಿಂಗ್ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಚಪ್ಪಟೆ ವೈರಿನ ಪಟ್ಟಿ. ಆಚೆ ತಿರುಗಿದ್ರೆ ಬಿಗಿಯಾಗತ್ತೆ, ಈಚೆ ತಿರುಗಿದ್ರೆ ಸಡಿಲ. ರಿಪೇರಿ ಮಾಡಿದವರು ಸ್ಟೇರಿಂಗನ್ನ ಕಟ್ಟಿ ಇಡದೆ ಕೆಳಗಿನ ಜೋಡಣೆ ಬಿಚ್ಚಿದಾರೆ. ಚಕ್ರ ಒಂದು ಸುತ್ತು ಆಚೀಚೆ ಆಗಿದೆ. ಆಮೇಲೆ ಪೂರ್ತಿ ತಿರುಗಿಸಿದ ದಿನ ಪಟ್ಟಿ ಹರಿದಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆಫ್ ಬೈ ಒನ್ ಎರರ್.. ಆದ್ರೆ ಇಲ್ಲಿ ಗುದ್ದಿದ್ರೂ ಅಪ್ಪನ ಎದುರಿನ ಏರ್‌ಬ್ಯಾಗ್ ಬಿಚ್ಚಿಕೊಳ್ತಿರಲಿಲ್ಲ.

ಹೊಸದನ್ನ ತಂದು ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರ ಹತ್ರ ಹೋದ್ವಿ. ಅವರು ಬ್ಯಾಟರಿ ನೆಗೆಟಿವ್ ತೆಗೆದು, ಚಾರ್ಜು ಇಳೀಲಿ ಅಂತ ಟೀ ಕುಡಿಯೋಕೆ ಹೋದ್ರು. ವಾಪಸ್ ಬಂದು ಏರ್‌ಬ್ಯಾಗನ್ನ ಬಿಚ್ಚಿ ಮುಖ ಮೇಲೆ ಮಾಡಿ ಬೆಂಚಿನ ಮೇಲಿಟ್ರು. ನಾನೋ ಎಂಜಿನಿಯರು ನೋಡಿ, ಮಲ್ಟಿಮೀಟರ್ ತಗೊಂಡು ಅದರ ಕನೆಕ್ಟರಿಗೆ ಹಿಡಿಯೋಕೆ ಹೋದೆ. "ಸಾರ್! ಮೀಟರಿನ ಕರೆಂಟಿಗೇ ಸಿಡೀಬಹುದು" ಅಂತ ಕೈ ಹಿಡ್ಕೊಂಡ್ರು. ಅಷ್ಟಕ್ಕೇ ಸುಮ್ನಿರಬೇಕಿತ್ತು. ಹೊಸ ಕ್ಲಾಕ್‌ಸ್ಪ್ರಿಂಗನ್ನ ಸರಿಯಾಗಿ ನಡುವಿಗೆ ನಿಲ್ಸಿ ಲಾಕ್ ಹಾಕಿ ಕೊಟ್ಟಿರ್ತಾರೆ. ಹೇಗೆ ತಿರುಗತ್ತೆ ನೋಡೋಣ ಅಂತ ಲಾಕ್ ಕಿತ್ತು ತಿರುಗಿಸಿಬಿಟ್ಟೆ!

ಅವರು ಬೈಲಿಲ್ಲ, ಅದೇ ಜಾಸ್ತಿ ನಾಚಿಕೆ. ಮುಂದಿನ ಚಕ್ರ ನೇರ ಇದೆಯಾ ನೋಡಿದ್ರು. ಡಬ್ಬೀನ ಒಂದು ಕಡೆ ಮೆಲ್ಲಗೆ, ಬಿಗಿ ಅನ್ನಿಸೋವರೆಗೂ ತಿರುಗಿಸಿದ್ರು. ಅಲ್ಲಿಂದ ಇನ್ನೊಂದು ತುದಿಗೆ ಐದು ಸುತ್ತು. ಎರಡೂವರೆ ವಾಪಸ್ ಬಂದು ಗುರುತಿಗೆ ಗುರುತು ಕೂರಿಸಿದ್ರು. ಜೋಡಿಸಿ, ಸ್ಕ್ಯಾನರ್ ಹಾಕಿ ಎರರ್ ಅಳಿಸಿದ್ಮೇಲೆ ಕೀ ತಿರುಗಿಸಿದ್ರೆ ದೀಪ ನಾಲ್ಕು ಸೆಕೆಂಡ್ ಉರಿದು ಆರಿತು.

ಮುಂದಿನ ಚೆಕಪ್ಪಿಗೆ ನಾನೂ ಜೊತೆಗಿದ್ದೆ. ಆಗುಂಬೆ ಘಾಟಿಯ ಪ್ರತಿ ತಿರುವಲ್ಲೂ, ಎದುರಿಗೆ ಯಾರಿರ್ಲಿ ಬಿಡ್ಲಿ, ಅಪ್ಪ ಪೋಂ ಪೋಂ. ಕೊನೆಗೆ ಹಿಂದೆ ಕೂತಿದ್ದ ಅಮ್ಮ, "ಸಾಕು ಮಾರಾಯ್ರೇ, ಮಂಗಗಳೆಲ್ಲ ಹೆದರಿ ಓಡ್ತಿದಾವೆ" ಅಂದ್ಲು.