ಹೊಗೆಯೂ ಹಸಿ ಸೌದೆಯೂ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆದರೆ ಬೆಂಕಿ ಇರುವೆಡೆಯಲ್ಲೆಲ್ಲ ಹೊಗೆ ಇರಬೇಕೆಂದು ಆ ಶಾಸ್ತ್ರ ಒಪ್ಪುವುದಿಲ್ಲ. ಕುಲುಮೆಯಿಂದ ಹೊರತೆಗೆದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಬೆಂಕಿಗೆ ಹಸಿ ಸೌದೆಯ ಸಂಪರ್ಕವಾಗಬೇಕು. ಇದನ್ನೇ ತಾರ್ಕಿಕರು ಉಪಾಧಿ ಎಂದರು. ಸೌದೆ ಒಲೆಯ ಮುಂದೆ ಕಣ್ಣೊರೆಸಿಕೊಂಡ ಗೃಹಿಣಿಯರಿಗೆ ಈ ಸೂಕ್ಷ್ಮವನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿರಲಿಲ್ಲ.

ಹಳೆಯ ಕಾರಿನ ಒಡೆಯನಿಗೂ ಈ ಪಾಠ ಒದಗಿಬರುತ್ತದೆ. ಎಂಜಿನ್ನಿನೊಳಗೆ ಬೆಂಕಿ ಇದೆಯೆಂಬುದರಲ್ಲಿ ಸಂದೇಹವಿಲ್ಲ. ಆರೋಗ್ಯವಾಗಿದ್ದಾಗ ಅದು ಕಾದ ಕಬ್ಬಿಣದಂತೆ ಹೊಗೆಯಿಲ್ಲದೆ ಉರಿಯುತ್ತದೆ. ಸೈಲೆನ್ಸರಿನಿಂದ ಹೊಗೆ ಹೊರಟಾಗ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಸೇರಿರುವ ಹಸಿ ಸೌದೆ ಯಾವುದು?

ದೃಷ್ಟಾಂತಕ್ಕೆ ಜರ್ಮನಿಯ ಪೋರ್ಷೆ 911 ಎಂಬ ವೇಗದ ಕಾರನ್ನು ತೆಗೆದುಕೊಳ್ಳಬಹುದು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು 901 ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪೆಜೋ ಕಂಪನಿ ಆಕ್ಷೇಪಿಸಿದ್ದರಿಂದ 1964ರಲ್ಲಿ 911 ಆಯಿತು. ಮೊದಲ ಎಂಜಿನ್ನಿನ ಗಾತ್ರ 2 ಲೀಟರಿಗೆ ಕೊಂಚ ಕಡಿಮೆ. ಬಲ 130 ಅಶ್ವಶಕ್ತಿ. ಅದರ ಆರು ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ. ಮೂರು ಎಡಕ್ಕೆ, ಮೂರು ಬಲಕ್ಕೆ ಅಡ್ಡಲಾಗಿ ಮಲಗಿವೆ. ಅವನ್ನು ತಣಿಸಲು ನೀರಿಲ್ಲ. ಗಾಳಿ ಮತ್ತು ಎಣ್ಣೆಯೇ ಆ ಕೆಲಸ ಮಾಡುತ್ತವೆ. ಗಾಳಿಯಿಂದ ತಣಿಯುವ 911 ಕಾರುಗಳ ತಯಾರಿಕೆ 1998ರವರೆಗೆ ನಡೆಯಿತು.

ಇಂಥ ಕಾರು ಎರಡು ಮೂರು ವಾರ ಶೆಡ್ಡಿನಲ್ಲಿ ನಿಂತಿತೆನ್ನೋಣ. ಭಾನುವಾರ ಬೆಳಿಗ್ಗೆ ಒಡೆಯ ಕೀಲಿ ತಿರುಗಿಸುತ್ತಾನೆ. ಎಂಜಿನ್ ಗುಡುಗುವುದರೊಡನೆ ಹಿಂದಿನಿಂದ ನೀಲಿ ಹೊಗೆಯ ಮೋಡವೊಂದು ಎದ್ದು ಪಕ್ಕದ ಮನೆಯ ಕಿಟಕಿಯವರೆಗೆ ಹೋಗುತ್ತದೆ. ಒಡೆಯನ ಎದೆ ಧಸಕ್ಕೆನ್ನುತ್ತದೆ. ಅವನು ಹೆದರುವುದರಲ್ಲಿ ಆಶ್ಚರ್ಯವಿಲ್ಲ. ಆ ಎಂಜಿನ್ನನ್ನು ಬಿಚ್ಚಿ ಮತ್ತೆ ಜೋಡಿಸುವ ವೆಚ್ಚ ಒಂದು ಸಾಧಾರಣ ಹೊಸ ಕಾರಿನ ಬೆಲೆಯನ್ನು ಮುಟ್ಟಬಲ್ಲದು.

ಮೊದಲು ಬಣ್ಣವನ್ನು ನೋಡಬೇಕು. ಕಪ್ಪು ಹೊಗೆಯಾದರೆ ಉಪಾಧಿ ಪೆಟ್ರೋಲು. ಗಾಳಿಗೆ ಮಿತಿಮೀರಿ ಇಂಧನ ಬೆರೆತಿದೆ. ಬಿಳಿಯಾದರೆ ನೀರು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ಚಳಿಯ ಮುಂಜಾನೆ ಅದು ಕೊಳವೆಯಲ್ಲಿ ತಣಿದು ಮಂಜಿನಂತೆ ಕಾಣುತ್ತದೆ, ಬಿಸಿಯೇರಿದಾಗ ಮಾಯವಾಗುತ್ತದೆ. ರೇಡಿಯೇಟರ್ ಇರುವ ಕಾರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಅದರ ನೀರು ಸಿಲಿಂಡರಿಗೆ ಸೋರುತ್ತಿರಬಹುದೆಂದು ಶಂಕಿಸಬೇಕು. ನೀರೇ ಇಲ್ಲದ ಈ ಕಾರಿಗೆ ಆ ಭಯವಿಲ್ಲ. ನೀಲಿಯಾದರೆ ಎಣ್ಣೆ, ಒಗ್ಗರಣೆಯ ಸೌಟು ಸೀದಾಗಿನಂಥ ಕಮಟು ಮೂಗಿಗೇ ಸಾಕ್ಷಿ ಹೇಳುತ್ತದೆ.

ಎಣ್ಣೆ ಒಳಗೆ ಬಂದದ್ದು ಹೇಗೆ? ಮಲಗಿರುವ ಸಿಲಿಂಡರಿನ ಕೆಳಗೋಡೆಯ ಮೇಲೆ ಉಳಿದ ಎಣ್ಣೆ, ಕಾರು ನಿಂತಿರುವಾಗ, ಪಿಸ್ಟನ್ ರಿಂಗುಗಳ ಸಂದಿನಿಂದ ಮೆಲ್ಲನೆ ಜಿನುಗುತ್ತದೆ. ನಿಲ್ಲಿಸಿದ ನೆಲ ಒಂದು ಕಡೆಗೆ ವಾಲಿದ್ದರೆ ಇನ್ನೂ ಹೆಚ್ಚು. ಹೊಸದಾಗಿ ಉರಿದ ಬೆಂಕಿ ಅದನ್ನು ಸುಟ್ಟುಹಾಕುತ್ತದೆ. ಅರ್ಧ ನಿಮಿಷದಲ್ಲೋ ಒಂದು ನಿಮಿಷದಲ್ಲೋ ಗಾಳಿ ತಿಳಿಯಾಗುತ್ತದೆ. ಇದು ರೋಗವಲ್ಲ, ಮಲಗಿ ಎದ್ದವನ ಆಕಳಿಕೆ.

ಹಾಗೆಂದು ಎಲ್ಲ ನೀಲಿ ಹೊಗೆಯೂ ನಿರಪರಾಧಿಯಲ್ಲ. ಇಳಿಜಾರಿನಲ್ಲಿ ಕಾಲು ತೆಗೆದು ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹೊಗೆ ಉಗುಳಿದರೆ ವಾಲ್ವ್ ಗೈಡುಗಳು ಸವೆದಿರಬಹುದು. ಏರಿನಲ್ಲಿ ಬಲ ಹಾಕಿದಷ್ಟೂ ಹೊಗೆ ಹೆಚ್ಚಿದರೆ ರಿಂಗುಗಳ ಮೇಲೆ ಅನುಮಾನ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಉಪೇಕ್ಷೆ ಸಲ್ಲದು. ಆಗಲೂ ಸ್ಪ್ಯಾನರ್ ಹಿಡಿಯುವ ಮುನ್ನ ಅಗ್ಗದ ಪರೀಕ್ಷೆಗಳುಂಟು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಎಣ್ಣೆಯ ಜಿಡ್ಡು ಯಾವ ಸಿಲಿಂಡರಿನಲ್ಲಿದೆಯೆಂಬುದು ತಿಳಿಯುತ್ತದೆ. ಮುಚ್ಚಿದ ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಕಿವಿಗೊಟ್ಟರೆ, ಎಣ್ಣೆ ಹುಯ್ಯುವ ಬಾಯಲ್ಲಿ ಸುಯ್ಯೆಂದರೆ ರಿಂಗು, ಸೈಲೆನ್ಸರಿನಲ್ಲಿ ಸುಯ್ಯೆಂದರೆ ಹೊಗೆ ಬಿಡುವ ವಾಲ್ವ್.

ಎಲ್ಲಕ್ಕಿಂತ ಅಗ್ಗವಾದದ್ದು ಡಿಪ್‌ಸ್ಟಿಕ್. ಈ ಕಾರಿನ ಎಣ್ಣೆ ಪ್ರತ್ಯೇಕ ತೊಟ್ಟಿಯಲ್ಲಿರುತ್ತದೆ. ಎಂಜಿನ್ ನಿಂತು ತಣಿದಾಗ ಅದರಲ್ಲೊಂದು ಪಾಲು ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ. ಆಗ ಅಳೆದವನು ಎಣ್ಣೆ ಕಡಿಮೆಯೆಂದು ಮತ್ತಷ್ಟು ಸುರಿಯುತ್ತಾನೆ. ಹೆಚ್ಚಾದ ಎಣ್ಣೆ ಉಸಿರುಕೊಳವೆಯ ಮೂಲಕ ಬೆಂಕಿಗೆ ಸೇರಿ ಹೊಗೆಯಾಗುತ್ತದೆ. ಸಮತಟ್ಟಾದ ನೆಲದಲ್ಲಿ, ಚೆನ್ನಾಗಿ ಬಿಸಿಯಾದ ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಅಳೆಯಬೇಕೆಂಬುದು ನಿಯಮ. ರೋಗವೆಂದು ಭಾವಿಸಿದ್ದು ಉಪಚಾರದಿಂದಲೇ ಬಂದದ್ದೆಂದು ತಿಳಿಯಲು ಒಂದು ಕಾಸೂ ಬೇಕಾಗಿಲ್ಲ.

ಈ ಕಾರನ್ನು ಕೊಳ್ಳಹೋದವನಿಗೆ ಮಾತ್ರ ಹೊಗೆಯಿಲ್ಲದಿರುವುದೂ ಶಂಕೆಗೆ ಕಾರಣವಾಗಬಹುದು. ಗಿರಾಕಿ ಬರುವ ಹೊತ್ತಿಗೆ ಮಾರುವವನು ಎಂಜಿನ್ನನ್ನು ಓಡಿಸಿ ಬಿಸಿಮಾಡಿಟ್ಟಿದ್ದರೆ ಮೋಡ ಆಗಲೇ ಚದುರಿಹೋಗಿರುತ್ತದೆ. ಆದ್ದರಿಂದ ತಿಳಿದವರು ಮೊದಲು ಎಂಜಿನ್ನಿನ ಮೇಲೆ ಅಂಗೈಯಿಟ್ಟು, ಅದು ತಣ್ಣಗಿದ್ದರೆ ಮಾತ್ರ ಪರೀಕ್ಷೆಗೆ ತೊಡಗುತ್ತಾರೆ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತಾರೆ.

ಇಷ್ಟರಲ್ಲಿ ಒಂದು ಮಾತನ್ನು ಮರೆಯಬಾರದು. ಎಂಜಿನ್ ಉಗುಳುವುದರಲ್ಲಿ ಮನುಷ್ಯನನ್ನು ಬಲುಬೇಗ ಕೊಲ್ಲಬಲ್ಲದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಊಹಿಸಲು ಹೊಗೆಯೆಂಬ ಹೇತುವೂ ಇಲ್ಲ. ನೀಲಿಯೋ ಬಿಳಿಯೋ ಎಂದು ನಿರ್ಣಯಿಸಲು ಮುಚ್ಚಿದ ಶೆಡ್ಡಿನಲ್ಲಿ ಬಗ್ಗಿ ನಿಂತವನು ಕಾರಿನ ಕಾಯಿಲೆಗಿಂತ ದೊಡ್ಡ ಅಪಾಯದಲ್ಲಿರುತ್ತಾನೆ. ಮೊದಲು ಬಾಗಿಲು ತೆರೆದು ಕಾರನ್ನು ಬಯಲಿಗೆ ತಳ್ಳಲಿ, ತರ್ಕ ಆಮೇಲೆ.