ಪಾಸ್‌ಬುಕ್ಕಿನ ಮೇಲಿನ ಹೆಸರು

ನಿಮ್ಮ ಕಪಾಟಿನಲ್ಲೂ ಒಂದು ಹಳೆಯ ಪಾಸ್‌ಬುಕ್ ಇರಬಹುದು. ನನ್ನ ಉಮ್ಮನ ಬಳಿ ಇದೆ. ಬೀಡಿ ಕಟ್ಟಿ ಉಳಿಸಿದ ಹಣವನ್ನು ವರ್ಷಗಟ್ಟಲೆ ಅವರು ಅದರಲ್ಲಿ ಜಮೆ ಮಾಡಿದ್ದರು. ಅದರ ಮೇಲಿರುವ ಬ್ಯಾಂಕಿನ ಹೆಸರು ಈಗ ಯಾವ ಬೋರ್ಡಿನಲ್ಲೂ ಇಲ್ಲ.

ನಮ್ಮ ಕರಾವಳಿ ಬ್ಯಾಂಕುಗಳ ತವರು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನು ಸೇರಿತು. ವಿಜಯಾ ಬ್ಯಾಂಕ್ 2019ರಲ್ಲೇ ಬ್ಯಾಂಕ್ ಆಫ್ ಬರೋಡಾದ ಪಾಲಾಗಿತ್ತು. ಶೇರುದಾರರಿಗೆ ನ್ಯಾಯವನ್ನು ಅಂಕಿಯಲ್ಲಿ ಅಳೆದರು: ಕಾರ್ಪೊರೇಶನ್ ಬ್ಯಾಂಕಿನ 1000 ಶೇರಿಗೆ ಯೂನಿಯನ್ ಬ್ಯಾಂಕಿನ 330, ವಿಜಯಾ ಬ್ಯಾಂಕಿನ 1000ಕ್ಕೆ ಬರೋಡಾದ 402. ಉಮ್ಮನಂಥವರು ನ್ಯಾಯವನ್ನು ಅಳೆಯುವುದು ಹೇಗೆ?

ವಿಲೀನದ ನಂತರ ಉಮ್ಮನ ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ತಮ್ಮ ಗಲ್ಫಿನಿಂದ ಹಳೆಯ ಕೋಡಿಗೇ ಕಳುಹಿಸಿದ ಹಣ ಬರಲಿಲ್ಲ. ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಮೆಸೇಜ್ ಬಂದಿತ್ತಲ್ಲ, ನೋಡ್ಬೇಕಿತ್ತು" ಎಂದರು. ಉಮ್ಮನಿಗೆ ಓದಲು ಬಾರದು. ಮನೆಗೆ ಬಂದು, "ಅದು ಇನ್ನು ನಮ್ಮ ಬ್ಯಾಂಕಲ್ಲ ಮಗಳೇ" ಎಂದಷ್ಟೇ ಹೇಳಿದರು.

ಮರುವಾರ ಹೋದಾಗ ಬೇರೊಬ್ಬ ಮಹಿಳಾ ಅಧಿಕಾರಿ ಇದ್ದರು. ಉಮ್ಮನನ್ನು ಕೂರಿಸಿ, ಕೋಡ್ ಯಾಕೆ ಬದಲಾಯಿತು, ಕೂಡಿಟ್ಟ ಹಣ ಎಷ್ಟಿದೆ ಎಂದು ವಿವರಿಸಿದರು. ಹೊಸ ಕೋಡನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟರು. "ನಮ್ಮನ್ನೂ ಯಾರೂ ಕೇಳಿ ಮಾಡಿದ್ದಲ್ಲಮ್ಮ" ಎಂದು ನಕ್ಕರು. ಹಣ ಬರಲು ಮತ್ತೂ ಕೆಲವು ದಿನ ಹಿಡಿಯಿತು. ಆದರೆ ಉಮ್ಮನ ಮುಖ ಅಂದೇ ತಿಳಿಯಾಗಿತ್ತು.

ನೋಡಿ, ತೊಂದರೆ ಅದೇ, ಕಾದ ದಿನಗಳೂ ಅವೇ. ಒಂದು ಕಡೆ ಅನ್ಯಾಯವೆನಿಸಿದ್ದು ಇನ್ನೊಂದು ಕಡೆ ಸಹ್ಯವಾಯಿತು. ಮದುವೆಯಾಗಿ ಹೊಸ ಮನೆಗೆ ಹೋದ ನಮಗಿದು ಗೊತ್ತಿಲ್ಲದ್ದೇ? ಅಡುಗೆಮನೆಯಲ್ಲಿ ನಮ್ಮ ಪಾತ್ರೆಗೆ ಎಷ್ಟು ಜಾಗ ಸಿಕ್ಕಿತು ಎಂಬುದಕ್ಕಿಂತ, "ಎಲ್ಲಿಡೋಣ?" ಎಂದು ಅತ್ತೆ ಒಂದು ಮಾತು ಕೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಹಾಗೆಂದು ಸಿಹಿ ಮಾತಿಗೆ ಮರುಳಾಗಬೇಕಿಲ್ಲ. ಪಾಲಿನಲ್ಲಿ ಮೋಸವಿದ್ದರೆ ನಗುಮುಖ ಅದನ್ನು ಸರಿಮಾಡದು. ಕೊಟ್ಟದ್ದೆಷ್ಟು, ನಿರ್ಧರಿಸಿದ್ದು ಹೇಗೆ, ಹೇಳಿದ್ದು ಹೇಗೆ – ಮೂರನ್ನೂ ಕೇಳಬೇಕು.

ನಿಮ್ಮ ಮನೆಯ ಹಿರಿಯರ ಪಾಸ್‌ಬುಕ್ಕನ್ನು ಇಂದೇ ತೆಗೆದು ನೋಡಿ. ಹೆಸರು, ಕೋಡ್ ಬದಲಾಗಿದ್ದರೆ ಪಕ್ಕದಲ್ಲಿ ಕುಳಿತು ತಿಳಿಸಿಕೊಡಿ. ಬ್ಯಾಂಕಿನವರು ಮಾಡದೆ ಬಿಟ್ಟ ಅಷ್ಟು ನ್ಯಾಯವನ್ನಾದರೂ ನಾವು ಮಾಡಬಹುದಲ್ಲವೇ?