ಗುಮ್ಮನ ಸಂಬಳ

ಒಹಾಯೊದಲ್ಲಿರುವ ನಮ್ಮ ಅಕ್ಕನ ಮಗಳು ಈ ವರ್ಷ ಕಾಲೇಜು ಸೇರಿದ್ದಾಳೆ. ಸೇರಿ ತಿಂಗಳು ಕಳೆಯುವುದರೊಳಗೆ ಯಾರದೋ ಮನೆಯಲ್ಲಿ ಸಂಜೆ ಹೊತ್ತು ಮಗು ನೋಡಿಕೊಳ್ಳುವ ಕೆಲಸವನ್ನೂ ಹಿಡಿದಿದ್ದಾಳೆ. ಅವಳೇನು ಸಾಮಾನ್ಯಳಲ್ಲ. ಸ್ಕೂಲಿನಲ್ಲಿದ್ದಾಗಲೇ ರೆಡ್ ಕ್ರಾಸ್‌ನವರು ನಡೆಸುವ ಬೇಬಿಸಿಟಿಂಗ್ ತರಗತಿಗೆ ಹೋಗಿ ಸರ್ಟಿಫಿಕೇಟು ತಂದವಳು. ಅಲ್ಲಿ ಹನ್ನೊಂದು ವರ್ಷ ತುಂಬಿದ ಮಕ್ಕಳಿಗೇ ಈ ಪಾಠ ಶುರುವಂತೆ: ಡಯಾಪರ್ ಹೇಗೆ ಬದಲಿಸಬೇಕು, ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನಿಗೆ ಎಲ್ಲಿ ಹೊಡೆಯಬೇಕು, ಆಂಬುಲೆನ್ಸ್ ಕರೆಯುವುದು ಯಾವಾಗ. ‘ಚಿಕ್ಕಮ್ಮ, ನೀನೂ ಕಾಲೇಜಲ್ಲಿದ್ದಾಗ ಬೇಬಿಸಿಟಿಂಗ್ ಮಾಡ್ತಿದ್ದೆಯಂತೆ? ನಿನ್ನ ಕ್ವಾಲಿಫಿಕೇಷನ್ ಏನಿತ್ತು?’ ಅಂತ ವಿಡಿಯೊ ಕಾಲಿನಲ್ಲಿ ಕೇಳಿಬಿಟ್ಟಳು. ನಗಾಡಿ ಫೋನಿಟ್ಟೆನಾದರೂ ಆ ಪ್ರಶ್ನೆ ಮಾವಿನಹಣ್ಣಿನ ನಾರಿನ ಹಾಗೆ ಹಲ್ಲಿನ ಸಂದಿಯಲ್ಲಿ ಉಳಿದುಹೋಗಿದೆ.

ನನ್ನ ಕ್ವಾಲಿಫಿಕೇಷನ್ ಅಂದರೆ, ನಮ್ಮ ಮನೆಯಲ್ಲಿ ಸಾರಿಗೆ ಬೆಲ್ಲ ಹಾಕುತ್ತಿದ್ದರು.

ತೊಂಬತ್ತರ ದಶಕದ ಬೆಂಗಳೂರು. ಬಿ.ಎಸ್ಸಿ. ಓದಲು ಊರಿಂದ ಬಂದು ಹನುಮಂತನಗರದಲ್ಲಿ ಸೋದರತ್ತೆಯ ಮನೆ ಸೇರಿಕೊಂಡಿದ್ದೆ. ಬೆಳಗಿನ ಕಾಲೇಜು ಮುಗಿಸಿ ಬಿಟಿಎಸ್ ಬಸ್ಸಿನಲ್ಲಿ ಜೋತಾಡಿಕೊಂಡು ಬಂದರೆ ಮಧ್ಯಾಹ್ನವೆಲ್ಲ ಖಾಲಿ. ಎದುರುಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರ ಮೂರು ವರ್ಷದ ಮಗನನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಮಗಳ ಬಾಣಂತನಕ್ಕೆಂದು ಹೊರಟು ನಿಂತರು. ಆಫೀಸಿನಲ್ಲಿ ಮಕ್ಕಳನ್ನು ಬಿಡುವ ಏರ್ಪಾಡು ಆಗ ಎಲ್ಲಿತ್ತು? ಐವತ್ತು ಮಂದಿಯೋ ಹೆಚ್ಚೋ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಅಂತ ಕಾನೂನಾಗಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಪುಟ್ಟನಿಗೆ ಹೆಣ್ಣು ನೋಡಲು ಶುರುಮಾಡಿದ್ದರು.

ಆಂಟಿ ನನ್ನನ್ನು ಕರೆಸಿ, ಕಾಫಿ ಕೊಟ್ಟು, ಎದುರಿಗೆ ಕೂರಿಸಿಕೊಂಡು ವಿಚಾರಿಸಿದರು. ಯಾವ ಕಡೆಯವರಮ್ಮ ನೀವು? ಶಿವಮೊಗ್ಗದಲ್ಲಿ ಯಾವ ತಾಲ್ಲೂಕು? ಮನೆದೇವರು ಯಾವುದು? ಸಾರಿಗೆ ಬೆಲ್ಲ ಹಾಕ್ತೀರಾ? ಹಬ್ಬಕ್ಕೆ ಹೋಳಿಗೆ ಬೇಳೆಯದೋ ಕಾಯಿಯದೋ? ಮಗುವನ್ನು ಹಿಂದೆಂದಾದರೂ ಎತ್ತಿಕೊಂಡಿದ್ದೀಯಾ ಅಂತ ಮಾತ್ರ ಕೇಳಲಿಲ್ಲ. ದ್ರಾಕ್ಷಿಯ ಸುದ್ದಿಯಂತೂ ಬರಲೇ ಇಲ್ಲ. ನಾನು ಒಂದೊಂದೇ ಉತ್ತರ ಕೊಡುತ್ತಿದ್ದ ಹಾಗೆ ಅವರ ಭುಜ ಸಡಿಲವಾಗುತ್ತಾ ಬಂತು. ಕೊನೆಗೆ ಒಳಗಿದ್ದ ಗಂಡನಿಗೆ ಕೇಳುವ ಹಾಗೆ, ‘ರೀ, ನಮ್ಮೋರೇ ಕಣ್ರೀ’ ಅಂದರು. ಕೆಲಸ ಸಿಕ್ಕಿತು. ಸಂದರ್ಶನಗಳಲ್ಲಿ ಜಾತಿ ಎಂಬ ಪದ ಬಳಸದೆಯೇ ಜಾತಿ ತಿಳಿದುಕೊಳ್ಳುವುದು ಒಂದು ಕಲೆ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹುಡುಕಿದವರೆಲ್ಲರಿಗೂ ಅದರ ಪರಿಚಯ ಇದ್ದೇ ಇರುತ್ತದೆ.

ತಿಂಗಳಿಗೆ ನಾನೂರು ರೂಪಾಯಿ. ಅತ್ತೆಗೆ ದುಡ್ಡಿನ ಬಗ್ಗೆ ತಕರಾರಿರಲಿಲ್ಲ, ಹೆಸರಿನ ಬಗ್ಗೆ ಇತ್ತು. ಅಣ್ಣನ ಮಗಳು ಯಾರದೋ ಮನೆಯ ಮಗುವಿನ ಕುಂಡೆ ತೊಳೆಯುತ್ತಾಳೆ ಅಂತ ನೆಂಟರ ಮುಂದೆ ಹೇಳುವುದು ಹೇಗೆ? ‘ಎದುರುಮನೆಗೆ ಟ್ಯೂಷನ್ ಹೇಳೋಕೆ ಹೋಗ್ತಾಳೆ’ ಅಂತ ಹೇಳತೊಡಗಿದರು. ಮೂರು ವರ್ಷದ ಹುಡುಗನಿಗೆ ಬಿ.ಎಸ್ಸಿ. ಹುಡುಗಿಯಿಂದ ಟ್ಯೂಷನ್! ಯಾರೂ ಹುಬ್ಬೇರಿಸಲಿಲ್ಲ. ಬೆಂಗಳೂರಿನಲ್ಲಿ ಹಾಗೂ ಇರಬಹುದು ಅಂದುಕೊಂಡಿರಬೇಕು. ಬಚ್ಚಲಿನಿಂದ ಇಡೀ ಬೀದಿಗೆ ಕೇಳುವ ಹಾಗೆ ‘ಅಕ್ಕಾ, ಆಯ್ತೂ’ ಎಂಬ ಕೂಗು ಬಂದಾಗಲೆಲ್ಲ ಟ್ಯೂಷನ್ನಿನ ಮರ್ಯಾದೆ ಸ್ವಲ್ಪ ಮುಕ್ಕಾಗುತ್ತಿತ್ತು ಅಷ್ಟೆ.

ಪುಟ್ಟ ಆಟಕ್ಕೆ, ನಿದ್ದೆಗೆ ತಂಟೆ ಮಾಡುತ್ತಿರಲಿಲ್ಲ. ಯುದ್ಧವೆಲ್ಲ ಊಟದ್ದು. ಆಂಟಿ ಕಲಸಿಟ್ಟ ತುಪ್ಪದ ಅನ್ನದ ಒಂದು ತುತ್ತನ್ನು ಬಾಯಿಗಿಟ್ಟರೆ, ಅದನ್ನು ಎಡಗೆನ್ನೆಯೊಳಗೆ ಸರಿಸಿ ಇಟ್ಟುಕೊಂಡುಬಿಡುತ್ತಿದ್ದ. ಅಗಿಯುವುದಿಲ್ಲ, ನುಂಗುವುದಿಲ್ಲ, ಉಗಿಯುವುದೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡೇ ಮೂರು ಗಾಲಿಯ ಸೈಕಲ್ ತುಳಿಯುತ್ತಾನೆ, ಕಾಗಕ್ಕ ಗುಬ್ಬಕ್ಕನ ಕತೆ ಪೂರಾ ಕೇಳುತ್ತಾನೆ, ಗುಬ್ಬಕ್ಕ ಬಾಗಿಲು ತೆಗೆಯದಿದ್ದಾಗ ತಲೆದೂಗುತ್ತಾನೆ. ತುತ್ತು ಮಾತ್ರ ಇಟ್ಟಲ್ಲೇ ಇರುತ್ತದೆ. ಕೆನ್ನೆಯನ್ನು ಹೊರಗಿನಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತುಟಿಯ ಮೂಲೆಯಲ್ಲಿ ಒಂದು ಅಗಳು ಇಣುಕಿ ಮತ್ತೆ ಒಳಗೆ ಹೋಗುತ್ತಿತ್ತು.

ಆಗ ಗುಮ್ಮನನ್ನು ಕರೆಯಬೇಕಾಗುತ್ತದೆ.

ಈ ಗುಮ್ಮ ಎಷ್ಟು ಹಳಬನೋ! ಪುರಂದರದಾಸರ ಪದದಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನಿಗೆ ಹೆದರಿ ಅಮ್ಮನನ್ನು ಅಂಗಲಾಚುತ್ತಾನೆ. ಲೋಕವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನಿಗೇ ಈ ಗತಿಯಾದರೆ ಹನುಮಂತನಗರದ ಪುಟ್ಟನ ಪಾಡೇನು? ಗುಮ್ಮನಿಗೆ ಮುಖವಿಲ್ಲ, ಊರಿಲ್ಲ. ಒಳ್ಳೆಯ ಗುಣವೆಂದರೆ ಕರೆದರೂ ಬರುವುದಿಲ್ಲ. ಅದೇ ಅವನ ಕೊರತೆಯೂ ಹೌದು: ನಾಲ್ಕು ಸಲ ಕರೆದೂ ಬಾರದವನನ್ನು ಯಾವ ಮಗು ನಂಬುತ್ತದೆ? ಹಾಗಾಗಿ ಪ್ರತಿ ಮನೆಯಲ್ಲೂ ಗುಮ್ಮನ ಕೆಲಸಕ್ಕೆ ಬೀದಿಯಲ್ಲಿ ನಿಜವಾಗಿ ಓಡಾಡುವವರನ್ನು ನೇಮಿಸಿಕೊಳ್ಳುತ್ತಾರೆ. ಬುಡಬುಡಿಕೆಯವನು. ಹಳೇ ಪಾತ್ರೆಯವನು. ಗೋಣಿಚೀಲ ಹೊತ್ತ ಚಿಂದಿ ಆಯುವವಳು. ಸೂಜಿ ಚುಚ್ಚುವ ಡಾಕ್ಟರು, ಪೊಲೀಸು. ಗಡ್ಡ ಬಿಟ್ಟವನು ಯಾರಾದರೂ ಸರಿ. ‘ತಿನ್ನದಿದ್ರೆ ಹಿಡ್ಕೊಟ್ಟುಬಿಡ್ತೀನಿ, ಚೀಲಕ್ಕೆ ಹಾಕ್ಕೊಂಡು ಹೋಗ್ತಾನೆ.’ ಇವರಲ್ಲಿ ಯಾರೂ ಅರ್ಜಿ ಹಾಕಿದವರಲ್ಲ, ಯಾರಿಗೂ ಸಂಬಳವಿಲ್ಲ. ತಮ್ಮ ಹೊಟ್ಟೆಪಾಡಿಗೆ ಬೀದಿಗೆ ಬಂದ ತಪ್ಪಿಗೆ ಅಕ್ಕಪಕ್ಕದ ಹತ್ತು ಮನೆಯ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದರು. ನಾನೂರು ರೂಪಾಯಿ ಎಣಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಭಾನುವಾರಗಳಂದು ಆಂಟಿ ಏನೆಂದು ಹೆದರಿಸುತ್ತಿದ್ದರು ಎನ್ನುವುದು ನನಗೆ ತಡವಾಗಿ ತಿಳಿಯಿತು: ‘ಊಟ ಮಾಡ್ತೀಯೋ, ಎದುರುಮನೆ ಅಕ್ಕನ್ನ ಕರೀಲೋ?’ ಬಡ್ತಿ ಅಂದುಕೊಂಡೆ.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ‘ನಾಳೆ ಬಾ’ ಹಬ್ಬಿತ್ತಲ್ಲ. ರಾತ್ರಿ ಒಂದು ಹೆಣ್ಣುದೆವ್ವ ಬೀದಿ ಬೀದಿ ಸುತ್ತಿ, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ. ತೆಗೆದವರ ಕತೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ವಾಪಸು ಹೋಗುತ್ತದೆ. ನಮ್ಮ ಬೀದಿಯಲ್ಲೂ ಇದ್ದಿಲು, ಸೀಮೆಸುಣ್ಣ, ಕುಂಕುಮ ಕೈಗೆ ಸಿಕ್ಕಿದ್ದರಲ್ಲಿ ಬರೆದಿದ್ದರು. ಅತ್ತೆಯ ಬಾಗಿಲ ಮೇಲಿನ ದುಂಡನೆಯ ಅಕ್ಷರ ನನ್ನದೇ. ಪುಟ್ಟ ಮೊದಲ ಬಾರಿಗೆ ಅನ್ನ ನುಂಗಿ ಬಾಯಿ ಖಾಲಿ ಮಾಡಿಕೊಂಡು ಕೇಳಿದ: ‘ಅಕ್ಕ, ದೆವ್ವ ಯಾವ ಸ್ಕೂಲಿಗೆ ಹೋಗಿತ್ತು?’ ಕನ್ನಡ ಓದಲು ಬರುವ, ಓದಿದ್ದನ್ನು ಪಾಲಿಸುವ ನಾಗರಿಕಳೊಬ್ಬಳು ನಗರದಲ್ಲಿದ್ದಾಳೆಂದು ನಾವು ಸಂತೋಷಪಡಬೇಕಿತ್ತು. ದೆವ್ವದಿಂದ ಯಾರಿಗೂ ಏಟು ಬೀಳಲಿಲ್ಲ. ಎಷ್ಟೋ ವರ್ಷದ ಮೇಲೆ ಅದು ಮುಂಬಯಿಗೆ ಹೋಗಿ, 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾದಲ್ಲಿ ದುಡ್ಡು ಬಾಚಿತು.

ಅದೇ 2018ರಲ್ಲಿ ವಾಟ್ಸಾಪಿನಲ್ಲಿ ಒಂದು ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ಮಾಡಿದ್ದ ಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದುಬಿಟ್ಟು ಫಲಕ ತೋರಿಸುತ್ತಾರೆ. ಯಾರೋ ಆ ಭಾಗ ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಹರಿಯಬಿಟ್ಟರು. ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ನಾನು ಪುಟ್ಟನಿಗೆ ತುತ್ತು ತಿನ್ನಿಸುತ್ತಿದ್ದ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಕಟ್ಟಿಹಾಕಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರೊಬ್ಬ ಸತ್ತ. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು, ಅಷ್ಟೇ. ಆಮೇಲೆ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ಮಿತಿ ಹಾಕಿದರು. ಅಡುಗೆಮನೆಗಳಿಂದ ಹೊರಡುವ ಸಂದೇಶಕ್ಕೆ ಅಂಥ ಮಿತಿಯಿಲ್ಲ. ಹೊಡೆದವರಿಗೂ ಸಣ್ಣವರಿದ್ದಾಗ ಯಾರಾದರೂ ಅನ್ನ ತಿನ್ನಿಸಿರುತ್ತಾರಲ್ಲ. ಚೀಲ ಹೊತ್ತ ಅಪರಿಚಿತನನ್ನು ಬೆರಳು ಮಾಡಿ ತೋರಿಸಿರುತ್ತಾರೆ. ಪೇಪರಿನಲ್ಲಿ ಸುದ್ದಿ ಓದುವಾಗ ನನಗೆ ಬೀದಿಗಿಂತ ಹೆಚ್ಚಾಗಿ ಕಂಡದ್ದು ತಟ್ಟೆ.

ನಾನೂ ಆ ಮನೆಗೆ ಅಪರಿಚಿತಳೇ ಆಗಿದ್ದೆ. ಬೆಲ್ಲ ಕೈಹಿಡಿಯಿತು.

ಪುಟ್ಟ ಈಗ ವೈಟ್‌ಫೀಲ್ಡಿನಲ್ಲಿದ್ದಾನೆ. ಅವನ ಮಗಳಿಗೆ ಎರಡು ತುಂಬಿದೆ, ಹೆಂಡತಿಗೆ ಆಫೀಸಿನಿಂದ ಕರೆ ಬಂದಿದೆ. ಮೊನ್ನೆ ಫೋನು ಮಾಡಿದ್ದ. ಏಜೆನ್ಸಿಯವರು ಆಧಾರ್ ಕಾರ್ಡು, ಪೊಲೀಸ್ ವೆರಿಫಿಕೇಷನ್ ಎಲ್ಲ ಕೊಡುತ್ತಾರಂತೆ, ಹುಡುಗಿಗೆ ಅನುಭವವೂ ಇದೆಯಂತೆ. ‘ಆದ್ರೂ ಯಾಕೋ ಧೈರ್ಯ ಬರ್ತಿಲ್ಲ ಅಕ್ಕ. ಯಾವ ಕಡೆಯೋಳೋ ಏನೋ. ನಮ್ಮೋರೇ ಯಾರಾದ್ರೂ ಕಾಲೇಜು ಹುಡುಗೀರು ಇದ್ರೆ ಹೇಳಿ.’

‘ಇದ್ದಾರೆ ಕಣೋ. ಸಂಬಳ ಎಷ್ಟು ಕೊಡ್ತೀಯ?’ ಅಂದೆ.

ನಮ್ಮೋರಿಗೆ ಸಂಬಳ ಅಂತ ಹೇಗೆ ಕೊಡೋದು ಅಕ್ಕ, ಬೇಜಾರು ಮಾಡ್ಕೊಳಲ್ವಾ ಅಂದ.